ಟಿ-55 ಬ್ಯಾರಲ್‌ನ ಉಬ್ಬು ಎಲ್ಲಿರಬೇಕು? 1971ರ ನಮ್ಮ ಟ್ಯಾಂಕಿನ ಮಾಡೆಲ್ ಕಟ್ಟುತ್ತಿದ್ದೇನೆ

ಮಲ್ನಾಡ್_ಮಾಡೆಲ್

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದ ಕಡೆಯವನು. ನಾಲ್ಕು ವರ್ಷದಿಂದ ಕಿಟ್ ಕಟ್ಟುತ್ತಿದ್ದೇನೆ, ಇಲ್ಲಿವರೆಗೆ ಬರೀ ವಿಮಾನ. ಈಗ ಮೊದಲ ಸಲ ಟ್ಯಾಂಕ್ ಕೈಗೆತ್ತಿಕೊಂಡಿದ್ದೇನೆ. ತಾಮಿಯಾ ಕಂಪನಿಯ 1/35 ಅಳತೆಯ ಟಿ-55ಎ, ಕಿಟ್ ನಂಬರ್ 35257.

ಯಾರಿಗಾಗಿ ಕಟ್ಟುತ್ತಿದ್ದೇನೆ ಅಂತ ಮೊದಲೇ ಹೇಳಿಬಿಡುತ್ತೇನೆ. ನನ್ನ ಪ್ರಶ್ನೆ ಅಲ್ಲಿಂದಲೇ ಹುಟ್ಟಿದ್ದು. ನಮ್ಮ ಅಜ್ಜನ ತಮ್ಮನನ್ನು ನಾವು ಸಣ್ಣಜ್ಜ ಅಂತೀವಿ. ಅವರು ಸೈನ್ಯದ ಇಎಂಇಯಲ್ಲಿ, ಅಂದರೆ ವಾಹನ, ಯಂತ್ರ ರಿಪೇರಿ ಮಾಡುವ ವಿಭಾಗದಲ್ಲಿ, ಮೆಕ್ಯಾನಿಕ್ ಆಗಿದ್ದರು. ಟಿ-55ರ ಎಂಜಿನ್ ಬಿಚ್ಚಿ ಜೋಡಿಸುವುದೇ ಅವರ ಕೆಲಸ. ಇನ್ನೆರಡು ತಿಂಗಳಿಗೆ ಅವರಿಗೆ 80 ತುಂಬುತ್ತದೆ. ಅಷ್ಟರಲ್ಲಿ ಅವರ ಮೇಜಿನ ಮೇಲೆ 1971ರ ಪಾಕಿಸ್ತಾನ ಯುದ್ಧದ ಟಿ-55 ನಿಲ್ಲಿಸಬೇಕು ಅಂತ ನನ್ನ ಆಸೆ. ಯಾವುದೋ ದೇಶದ ಪರೇಡಿನ ಟ್ಯಾಂಕ್ ಅಲ್ಲ. ಅವರು ಕೈ ಮಸಿ ಮಾಡಿಕೊಂಡ ನಮ್ಮ ಟ್ಯಾಂಕ್.

ತೊಂದರೆ ಇರುವುದು ಬ್ಯಾರಲ್‌ನಲ್ಲಿ. ಕಿಟ್‌ನ ಬ್ಯಾರಲ್‌ಗೆ ತುದಿಯಲ್ಲಿ, ಬಾಯಿಯ ಹತ್ತಿರ, ಒಂದು ದಪ್ಪ ಉಬ್ಬು ಇದೆ. ಆದರೆ ಒಂದು ಊರಿನ ವೃತ್ತದಲ್ಲಿ ನಿಲ್ಲಿಸಿರುವ ಟಿ-55 ನೋಡಿದೆ. ಅದಕ್ಕೆ ತುದಿಯಲ್ಲಿ ಏನೂ ಇಲ್ಲ, ಉಬ್ಬು ನಡುವೆ ಇದೆ. ಇನ್ನು 1971ರದು ಅಂತ ಸಿಕ್ಕ ಒಂದು ಕಪ್ಪು ಬಿಳುಪು ಫೋಟೊದಲ್ಲಿ ಎರಡೂ ಕಡೆ ಉಬ್ಬು! ಮೂರರಲ್ಲಿ ಯಾವುದು ಸರಿ? ಬ್ಯಾರಲ್ ಅಂಟಿಸದೆ ಹಾಗೇ ಇಟ್ಟಿದ್ದೇನೆ.

ಸ್ಪ್ರೂ_ಶಾನುಭೋಗ

ಅಂಟಿಸದೆ ಇಟ್ಟಿದ್ದು ಒಳ್ಳೆಯದಾಯಿತು. ಮೂರೂ ಸರಿ. ಕಾಲ ಮಾತ್ರ ಬೇರೆ ಬೇರೆ.

ಮೊದಲು ಈ ಉಬ್ಬು ಏನು ಅಂತ ನೋಡೋಣ. ಗುಂಡು ಹಾರಿದ ಮೇಲೆ ಬ್ಯಾರಲ್ ತುಂಬ ಹೊಗೆ ಇರುತ್ತದೆ. ಹಿಂದಿನ ಬಾಗಿಲು ತೆರೆದ ಕೂಡಲೇ ಆ ಹೊಗೆ ಒಳಗಿನವರ ಮುಖಕ್ಕೆ ಬರುತ್ತದೆ. ಅದನ್ನು ತಡೆಯಲು ಬ್ಯಾರಲ್ ಸುತ್ತ ಒಂದು ಟೊಳ್ಳು ಕೋಣೆ ಮಾಡಿರುತ್ತಾರೆ. ಗುಂಡು ಅದನ್ನು ದಾಟುವಾಗ ಸ್ವಲ್ಪ ಅನಿಲ ಸಣ್ಣ ತೂತುಗಳಿಂದ ಆ ಕೋಣೆಗೆ ನುಗ್ಗಿ ತುಂಬಿಕೊಳ್ಳುತ್ತದೆ. ಗುಂಡು ಹೊರಗೆ ಹೋಗಿ ಒತ್ತಡ ಇಳಿದಾಗ ಅದೇ ಅನಿಲ ಮುಂದಕ್ಕೆ ಚಿಮ್ಮುತ್ತದೆ, ಉಳಿದ ಹೊಗೆಯನ್ನೂ ಎಳೆದುಕೊಂಡು ಬಾಯಿಂದ ಆಚೆ ಹಾಕುತ್ತದೆ. ಇಷ್ಟೇ ಅದರ ಕೆಲಸ. ಟಿ-55ರ ಮೂಲ 100 ಮಿ.ಮೀ. ಗನ್‌ಗೆ, ಅಂದರೆ ಡಿ-10ಟಿ2ಎಸ್‌ಗೆ, ಈ ಉಬ್ಬು ಬಾಯಿಯ ತುದಿಯಲ್ಲೇ ಇದೆ. ನಿಮ್ಮ ಕಿಟ್‌ನಲ್ಲಿ ಇರುವುದು ಅದು.

ವೃತ್ತದಲ್ಲಿ ನೀವು ನೋಡಿದ್ದು 1971ರ ನಂತರ ಗನ್ ಬದಲಾಯಿಸಿದ ಟ್ಯಾಂಕ್. ನಮ್ಮ ಸೈನ್ಯ ಮುಂದೆ ಟಿ-55ಗಳಿಗೆ 105 ಮಿ.ಮೀ. ಎಲ್-7 ಮಾದರಿಯ ಗನ್ ಕೂರಿಸಿತು. ಅದರ ಉಬ್ಬು ನಡುವೆ ಇರುತ್ತದೆ, ತುದಿ ಬೋಳು. ಅದನ್ನು ನೋಡಿಕೊಂಡು 1971ರ ಮಾಡೆಲ್ ಕಟ್ಟಿದರೆ ಕಾಲ ತಪ್ಪುತ್ತದೆ.

ಇನ್ನು ಎರಡು ಉಬ್ಬಿನದು. ನನಗೆ ಈ ಟ್ಯಾಂಕಿನಲ್ಲಿ ಎಲ್ಲಕ್ಕಿಂತ ಇಷ್ಟವಾದ ವಿಷಯ ಇದೇ. 1971ರಲ್ಲಿ ನಮ್ಮ ಹತ್ತಿರ ಸೋವಿಯತ್ ಟಿ-54, ಟಿ-55 ಇದ್ದವು. ಪಾಕಿಸ್ತಾನದ ಹತ್ತಿರ ಚೀನಾದ ಟೈಪ್ 59 ಇದ್ದವು. ಟೈಪ್ 59 ಅಂದರೆ ಟಿ-54ಎಯನ್ನೇ ನೋಡಿ ಮಾಡಿದ್ದು. ಗನ್ ಹೊತ್ತು ಮೇಲೆ ತಿರುಗುವ ಅದೇ ಬಟ್ಟಲಿನಂಥ ಗೂಡು, ಅಂದರೆ ಟರೆಟ್, ಅದೇ ಐದು ಚಕ್ರ, ಮೊದಲ ಚಕ್ರ ಮತ್ತು ಎರಡನೆಯದರ ನಡುವೆ ಅದೇ ಅಗಲವಾದ ಸಂದು. ಬೆಳಗಿನ ಮಂಜಿನಲ್ಲಿ, ಧೂಳಿನಲ್ಲಿ, ಒಂದು ಕಿಲೋಮೀಟರ್ ಆಚೆ ನಿಂತ ಟ್ಯಾಂಕ್ ನಮ್ಮದೋ ಅವರದೋ ಅಂತ ಹೇಗೆ ಹೇಳುವುದು? ಅದಕ್ಕೆ ನಮ್ಮವರು ಟಿ-54, ಟಿ-55 ಬ್ಯಾರಲ್‌ಗಳ ನಡುವೆ ತಗಡಿನ ಒಂದು ಸುಳ್ಳು ಉಬ್ಬು ಕಟ್ಟಿದರು. ಅದರೊಳಗೆ ಏನೂ ಇಲ್ಲ. ಹೊಗೆ ಎಳೆಯುವುದಿಲ್ಲ. ದೂರದಿಂದ ಗುರುತು ಸಿಗಲಿ ಅಂತ ಮಾತ್ರ.

ನಡುವೆಯೇ ಯಾಕೆ ಅಂದರೆ, ನಮ್ಮ ಸೆಂಚುರಿಯನ್‌ಗೂ ಆವಡಿಯಲ್ಲಿ ತಯಾರಾದ ವಿಜಯಂತಕ್ಕೂ ಉಬ್ಬು ನಡುವೆಯೇ ಇತ್ತು. ಪಾಕಿಸ್ತಾನದ ಪ್ಯಾಟನ್‌ಗಳಿಗೆ ಬಾಯಿಯ ಹತ್ತಿರ. ಹಾಗಾಗಿ ಬ್ಯಾರಲ್ ನಡುವೆ ದಪ್ಪ ಕಂಡರೆ ಅದು ನಮ್ಮ ದೊಡ್ಡ ಟ್ಯಾಂಕ್.

ತುದಿಯಲ್ಲಿ ಒಂದೇ ಉಬ್ಬು ಇದ್ದರೆ ಕಾರ್ಖಾನೆಯಿಂದ ಬಂದ ಹಾಗೆ. ತುದಿ, ನಡು ಎರಡೂ ಕಡೆ ಇದ್ದರೆ 1971ರ ಗುರುತು. ನಡುವೆ ಮಾತ್ರ ಇದ್ದರೆ ಆಮೇಲಿನ 105. ನಿಮ್ಮ ಸಣ್ಣಜ್ಜನಿಗೆ ಎರಡು ಉಬ್ಬಿನದನ್ನೇ ಕಟ್ಟಿಕೊಡಿ.

ಮಲ್ನಾಡ್_ಮಾಡೆಲ್

ಸರ್, ಇದನ್ನು ಮೂರು ಸಲ ಓದಿದೆ. ಒಂದು ತಗಡಿನ ತುಂಡಿನ ಹಿಂದೆ ಇಷ್ಟು ದೊಡ್ಡ ಕಾರಣ ಇದೆ ಅಂತ ಅಂದುಕೊಂಡೇ ಇರಲಿಲ್ಲ. ನಮ್ಮವರ ಗುಂಡು ನಮ್ಮವರಿಗೇ ಬೀಳಬಾರದು ಅಂತ ಕಟ್ಟಿದ್ದಲ್ವಾ ಅದು. ಎರಡು ಉಬ್ಬಿನದೇ ಖಾಯಂ.

ಕರಾವಳಿ_ಕಿಟ್

ಉಬ್ಬು ಮಾಡುವುದಕ್ಕೆ ಸುಲಭದ ದಾರಿ ಹೇಳಲೇ? ಎಳನೀರು ಅಂಗಡಿಯ ಪ್ಲಾಸ್ಟಿಕ್ ಸ್ಟ್ರಾ. ಒಂದು ತುಂಡು ಕತ್ತರಿಸಿ ಬ್ಯಾರಲ್‌ಗೆ ತೊಡಿಸಿ, ಸರಿ ಜಾಗಕ್ಕೆ ಜಾರಿಸಿ, ಎರಡು ಹನಿ ಅಂಟು. ಐದು ನಿಮಿಷದ ಕೆಲಸ.

ಬಣ್ಣದ_ಡಬ್ಬಿ

ಸ್ಟ್ರಾ ಬೇಡಪ್ಪ. ನಾನು ಒಂದು ಫಿರಂಗಿಗೆ ಅದನ್ನು ಹಾಕಿ ಕೈ ಸುಟ್ಟುಕೊಂಡಿದ್ದೇನೆ. ಆ ಸ್ಟ್ರಾ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಕಿಟ್ ಪಾಲಿಸ್ಟೈರೀನ್. ಕಿಟ್ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ, ಸ್ಟ್ರಾವನ್ನು ಅದು ಮುಟ್ಟುವುದೂ ಇಲ್ಲ. ಬಣ್ಣವೂ ಹಿಡಿಯುವುದಿಲ್ಲ. ಆರು ತಿಂಗಳಿಗೆ ಉಗುರು ತಾಗಿದರೆ ಸಿಪ್ಪೆಯ ಹಾಗೆ ಏಳುತ್ತದೆ. ಇದು 80 ತುಂಬಿದವರು ದಿನಾ ಕೈಯಲ್ಲಿ ಹಿಡಿದು ನೋಡುವ ವಸ್ತು.

ಒಳ್ಳೆಯ ದಾರಿ ಕಾಗದ. ತೆಳುವಾದ ಬಿಳಿ ಕಾಗದದಿಂದ ಉಬ್ಬಿನ ಉದ್ದಕ್ಕೆ ಸರಿಯಾದ ಅಗಲದ ಪಟ್ಟಿ ಕತ್ತರಿಸಿ. ಸ್ಟೀಲ್ ಸ್ಕೇಲ್ ಇಟ್ಟು ಹೊಸ ಬ್ಲೇಡಿನಲ್ಲಿ ಕತ್ತರಿಸಬೇಕು, ಅಂಚು ನೇರ ಬರಬೇಕು. ಬ್ಯಾರಲ್ ಸುತ್ತ ಬಿಗಿಯಾಗಿ ಸುತ್ತುತ್ತಾ ಹೋಗಿ, ಪ್ರತಿ ಸುತ್ತಿಗೂ ಒಂದು ಹನಿ ಸೂಪರ್‌ಗ್ಲೂ. ಕಾಗದ ಅದನ್ನು ಕುಡಿದು ಪ್ಲಾಸ್ಟಿಕ್‌ನ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ 600 ನಂಬರಿನ ನೀರು ಕಾಗದದಲ್ಲಿ (ವಾಟರ್ ಪೇಪರ್) ತಿಕ್ಕಿ, 1000ದಲ್ಲಿ ನಯ ಮಾಡಿ. ತಗಡು ಸುತ್ತಿದ ಹಾಗೇ ಕಾಣುತ್ತದೆ. ಕೊನೆಯ ಸುತ್ತಿನ ಅಂಚನ್ನು ಪೂರ್ತಿ ಮಾಯ ಮಾಡಬೇಡಿ. ಅದು ವರ್ಕ್‌ಶಾಪಿನಲ್ಲಿ ಕಟ್ಟಿದ್ದು. ಒಂದು ಗೆರೆ ಕಂಡರೆ ಚೆಂದ.

ಕರಾವಳಿ_ಕಿಟ್

ಒಪ್ಪಿದೆ ಅಕ್ಕ. ಕಾಗದದ್ದು ನಾನೂ ಕಲಿತೆ.

ಮಲ್ನಾಡ್_ಮಾಡೆಲ್

ವಾರದ ಕೆಲಸ ಹೇಳುತ್ತೇನೆ. ಕಾಗದದ ಉಬ್ಬು ಎರಡನೇ ಪ್ರಯತ್ನಕ್ಕೆ ಸರಿ ಬಂತು. ಮೊದಲನೆಯದು ಓರೆ ಆಯಿತು. ಫೋಟೊವನ್ನು ಮಾಡೆಲ್‌ನ ಅಳತೆಗೇ ಪ್ರಿಂಟ್ ಹಾಕಿಸಿ ಪಕ್ಕದಲ್ಲಿಟ್ಟು ಜಾಗ ಗುರುತು ಮಾಡಿಕೊಂಡೆ. ನಿಜವಾದ ಟ್ಯಾಂಕ್ ಬ್ಯಾರಲ್ ಸೇರಿ 9 ಮೀಟರ್, ಮಾಡೆಲ್‌ನಲ್ಲಿ 25.7 ಸೆಂ.ಮೀ. ಹಾಗಾಗಿ ಪ್ರಿಂಟ್ ಹೊಂದಿಸುವುದು ಸುಲಭವಾಯಿತು.

ಲೆಕ್ಕ ಹಾಕುವಾಗ ಇನ್ನೊಂದು ಗೊತ್ತಾಯಿತು. 100 ಮಿ.ಮೀ. ಬಾಯಿ ಮಾಡೆಲ್‌ನಲ್ಲಿ ಸುಮಾರು 2.9 ಮಿ.ಮೀ., 105 ಆದರೆ 3 ಮಿ.ಮೀ. ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಎರಡು ಕಾಲವನ್ನು ಬೇರೆ ಮಾಡುವುದು ಆ ಉಬ್ಬೇ.

ಟರೆಟ್ ವಿಷಯಕ್ಕೆ ಬರುತ್ತೇನೆ. ಕಿಟ್‌ನ ಟರೆಟ್ ನನಗೆ ಸ್ವಲ್ಪ ನುಣುಪು ಅನಿಸಿತು. ನಿಜವಾದದ್ದು ಎರಕ ಹೊಯ್ದದ್ದು, ಮೈ ಒರಟು. ಇದಕ್ಕೆ ಏನು ಮಾಡುತ್ತೀರಿ? ಇನ್ನೊಂದು, ಚಕ್ರಗಳನ್ನು ಸುತ್ತುವರಿಯುವ ಟ್ರ್ಯಾಕ್ ಈ ಕಿಟ್‌ನಲ್ಲಿ ರಬ್ಬರಿನಂಥ ಪಟ್ಟಿ. ಹಾಕಿ ನೋಡಿದರೆ ಮೇಲೆ ಬಿಗಿಯಾಗಿ, ಸೈಕಲ್ ಚೈನಿನ ಹಾಗೆ ನೇರ ನಿಲ್ಲುತ್ತದೆ.

ಧಾರವಾಡ_ಗ್ಯಾರೇಜ್

ಟ್ರ್ಯಾಕ್ ನೇರ ನಿಂತರೆ ಟಿ-55ರ ಜೀವವೇ ಹೋಯಿತು ನೋಡ್ರಿ. ಈ ಟ್ಯಾಂಕಿಗೆ ಮೇಲೆ ಟ್ರ್ಯಾಕ್ ಎತ್ತಿ ಹಿಡಿಯುವ ಸಣ್ಣ ಉರುಳೆಗಳೇ ಇಲ್ಲ. ಟ್ರ್ಯಾಕ್ ನೇರವಾಗಿ ಐದು ದೊಡ್ಡ ಚಕ್ರಗಳ ಬೆನ್ನಿನ ಮೇಲೇ ಮಲಗುತ್ತದೆ, ನಡುನಡುವೆ ಜೋತು ಬೀಳುತ್ತದೆ. ಮೊದಲ ಮತ್ತು ಎರಡನೇ ಚಕ್ರದ ನಡುವೆ ಸಂದು ಜಾಸ್ತಿ ಇರುವುದರಿಂದ ಅಲ್ಲಿ ಜೋಲು ಎದ್ದು ಕಾಣಬೇಕು.

ಮಾಡುವುದು ಹೀಗೆ. ಚಕ್ರ, ಟ್ರ್ಯಾಕ್ ಎರಡಕ್ಕೂ ಬಣ್ಣ ಮುಗಿಸಿ ಕೂರಿಸಿ. ಚಕ್ರದ ಮೇಲ್ಭಾಗ ಟ್ರ್ಯಾಕಿಗೆ ತಾಗುವ ಕಡೆ ಒಂದು ಹನಿ ಸೂಪರ್‌ಗ್ಲೂ ಬಿಡಿ. ಫೆಂಡರ್ (ಟ್ರ್ಯಾಕ್ ಮೇಲಿನ ತಗಡು) ಮತ್ತು ಟ್ರ್ಯಾಕ್ ನಡುವೆ ಪಾತ್ರೆ ತೊಳೆಯುವ ಸ್ಪಂಜಿನ ತುಂಡು ತುರುಕಿ ಕೆಳಗೆ ಒತ್ತಿ ಹಿಡಿಯುವ ಹಾಗೆ ಮಾಡಿ. ರಾತ್ರಿ ಬಿಟ್ಟು ಬೆಳಗ್ಗೆ ಸ್ಪಂಜು ತೆಗೆಯಿರಿ. ಆದರೆ ಮೊದಲು ಚಕ್ರಗಳನ್ನು ಒಡಲಿಗೆ ಹಿಡಿದಿರುವ ಕಡ್ಡಿಗಳು ಗಟ್ಟಿಯಾಗಿ ಅಂಟಿವೆಯಾ ನೋಡಿಕೊಳ್ಳಿ. ಎಳೆತಕ್ಕೆ ಕಿತ್ತು ಬರಬಾರದು.

ಟರೆಟ್‌ಗೆ ಪುಟ್ಟಿ. ಮಾಡೆಲ್ ಪುಟ್ಟಿಗೆ ಲ್ಯಾಕರ್ ಥಿನ್ನರ್ ಬೆರೆಸಿ ಮಜ್ಜಿಗೆ ಹದಕ್ಕೆ ತಂದು, ಹಳೇ ಗಡಸು ಬ್ರಷ್‌ನಿಂದ ಕುಟ್ಟಿ ಕುಟ್ಟಿ ಹಚ್ಚಿ. ಎಳೆಯಬಾರದು, ಕುಟ್ಟಬೇಕು. ಒಣಗಿದ ಮೇಲೆ ನೀರು ಕಾಗದದಲ್ಲಿ ಮೆತ್ತಗೆ ಸವರಿದರೆ ಎತ್ತರ ಇರುವ ಕಡೆ ಮಾತ್ರ ಸವೆದು ಎರಕದ ಮೈ ಬರುತ್ತದೆ. ಇದನ್ನು ಟರೆಟ್‌ಗೆ ಮಾತ್ರ ಮಾಡಿ. ಕೆಳಗಿನ ಒಡಲು ಉರುಳಿಸಿದ ಉಕ್ಕಿನ ಹಲಗೆ ಬೆಸೆದು ಮಾಡಿದ್ದು, ಅದು ನಯವಾಗೇ ಇರಬೇಕು. ಇಡೀ ಟ್ಯಾಂಕಿಗೆ ಪುಟ್ಟಿ ಕುಟ್ಟಿದ ಮಾಡೆಲ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಬೇಸರ ಆಗುತ್ತದೆ.

ಹೊಸ_ನಿಪ್ಪರ್

ನಡುವೆ ಒಂದು ಪ್ರಶ್ನೆ, ಕ್ಷಮಿಸಿ. ಈ 1/35 ಅನ್ನುವ ಲೆಕ್ಕ ಎಲ್ಲಿಂದ ಬಂತು? ವಿಮಾನಗಳು 1/72, 1/48. ಟ್ಯಾಂಕ್ ಮಾತ್ರ ಯಾಕೆ 35?

ಸ್ಪ್ರೂ_ಶಾನುಭೋಗ

ಬ್ಯಾಟರಿಯಿಂದ ಬಂತು. 1960ರ ದಶಕದ ಶುರುವಿನಲ್ಲಿ ಜಪಾನಿನ ಶಿಜುಓಕಾದ ತಾಮಿಯಾ ಮೋಟಾರ್ ಇರುವ ಪ್ಯಾಂಥರ್ ಟ್ಯಾಂಕ್ ಮಾಡಿತು. ಒಳಗೆ ಬ್ಯಾಟರಿ, ಮೋಟಾರ್ ಹಿಡಿಸುವ ಹಾಗೆ ಒಡಲಿನ ಅಳತೆ ಇಟ್ಟರು. ಆಮೇಲೆ ನಿಜವಾದ ಟ್ಯಾಂಕಿಗೆ ಹೋಲಿಸಿ ನೋಡಿದರೆ ಹತ್ತಿರ ಹತ್ತಿರ 35ರಲ್ಲಿ ಒಂದು ಭಾಗ. ಅದೇ ನಿಂತುಬಿಟ್ಟಿತು, ಬೇರೆ ಕಂಪನಿಗಳೂ ಅದನ್ನೇ ಹಿಡಿದರು.

ಹೊಸ_ನಿಪ್ಪರ್

ಅಬ್ಬಾ, ಧನ್ಯವಾದ ಸರ್. ಇನ್ನೊಂದು ಕೇಳಿಬಿಡುತ್ತೇನೆ. ನಾನೂ ಟಿ-55 ತಗೊಳ್ಳಬೇಕು ಅಂತಿದ್ದೇನೆ. ತಾಮಿಯಾ ತಗೊಳ್ಳಲೋ, ಉಕ್ರೇನಿನ ಮಿನಿಆರ್ಟ್ ತಗೊಳ್ಳಲೋ?

ಧಾರವಾಡ_ಗ್ಯಾರೇಜ್

ಮೊದಲನೆಯದಾದರೆ ತಾಮಿಯಾ. ಭಾಗ ಕಡಿಮೆ, ಒಂದಕ್ಕೊಂದು ಕಚ್ಚಿ ಕೂರುತ್ತವೆ. ಮಿನಿಆರ್ಟ್‌ನಲ್ಲಿ ಒಳಗಿನ ಎಂಜಿನ್, ಗುಂಡಿನ ಗೂಡು ಎಲ್ಲ ಇರುವ ಕಿಟ್‌ಗಳೂ ಇವೆ. ಟ್ರ್ಯಾಕನ್ನು ಒಂದೊಂದೇ ಕೊಂಡಿ ಜೋಡಿಸಬೇಕು. ತಾಳ್ಮೆ ಇದ್ದವರಿಗೆ ಅದು ಹಬ್ಬ. ಮೊದಲ ಕಿಟ್‌ಗೆ ಅದನ್ನು ತಗೊಂಡು ಅರ್ಧಕ್ಕೆ ಕಪಾಟಿಗೆ ಸೇರಿಸಿದವರು ನನಗೇ ಇಬ್ಬರು ಗೊತ್ತು.

ಮಲ್ನಾಡ್_ಮಾಡೆಲ್

ಒಂದು ಅನಾಹುತ ಆಗಿದೆ. ನಿನ್ನೆ ರಾತ್ರಿಯಿಂದ ಮನಸ್ಸು ಸರಿ ಇಲ್ಲ.

ಬಣ್ಣ ಚೆನ್ನಾಗಿ ಬಂದಿತ್ತು. ಬೂದು ಪ್ರೈಮರ್, ಮೇಲೆ ತಾಮಿಯಾ ಎಕ್ಸ್‌ಎಫ್-62 ಆಲಿವ್ ಡ್ರ್ಯಾಬ್, ಅದಕ್ಕೆ ಸ್ವಲ್ಪ ಎಕ್ಸ್‌ಎಫ್-57 ಬಫ್ ಸೇರಿಸಿ ತಿಳಿ ಮಾಡಿ ಮೇಲ್ಮೈಗೆ. ಆಮೇಲೆ ಕಂದು ಆಯಿಲ್ ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳು ಮಾಡಿ, ಗೆರೆ ಸಂದುಗಳಿಗೆ ಇಳಿಯುವ ಹಾಗೆ ವಾಶ್ ಕೊಟ್ಟೆ. ಕೆಳಗೆ ಚಕ್ರದ ಕಡ್ಡಿಗಳ ಸುತ್ತ ಜಾಸ್ತಿ ಬಿಟ್ಟೆ, ಹೇಗೂ ಕೆಸರು ಬರುವ ಜಾಗ ಅಂತ. ಅರ್ಧ ಗಂಟೆ ಬಿಟ್ಟು ಎತ್ತಿದರೆ ಎಡಗಡೆಯ ಎರಡು ಕಡ್ಡಿ ಪಟ್ ಅಂತ ಮುರಿದು ಕೈಗೆ ಬಂದವು. ಯಾರೂ ಬೀಳಿಸಿಲ್ಲ, ಒತ್ತಿಲ್ಲ. ಯಾಕೆ ಹೀಗಾಯಿತು?

ಇದರ ಜೊತೆಗೆ ಮಳೆ. ಇಲ್ಲಿ ಆರು ದಿನದಿಂದ ಬಿಟ್ಟಿಲ್ಲ. ಟರೆಟ್‌ಗೆ ಮ್ಯಾಟ್ ವಾರ್ನಿಶ್ ಹೊಡೆದರೆ ಬೂಷ್ಟು ಹಿಡಿದ ಹಾಗೆ ಬೆಳ್ಳಗಾಯಿತು.

ಬಣ್ಣದ_ಡಬ್ಬಿ

ಬೇಜಾರು ಮಾಡ್ಕೋಬೇಡಿ. ಎರಡೂ ಸರಿ ಮಾಡಬಹುದು.

ಕಡ್ಡಿ ಮುರಿದದ್ದು ಟರ್ಪೆಂಟೈನ್‌ನಿಂದ. ಬಣ್ಣ ತಾಗದ ಬರೀ ಪ್ಲಾಸ್ಟಿಕ್ ಎಲ್ಲಾದರೂ ಉಳಿದಿದ್ದು, ಆ ಭಾಗ ಬಿಗಿಯಾಗಿ ಒತ್ತಿ ಕೂರಿಸಿದ್ದಾದರೆ, ಅಲ್ಲಿ ನಿಂತ ಥಿನ್ನರ್ ಕೂದಲಿನಷ್ಟು ಸಣ್ಣ ಬಿರುಕುಗಳಿಗೆ ಇಳಿದು ಪ್ಲಾಸ್ಟಿಕ್ಕನ್ನು ಒಡೆಯುತ್ತದೆ. ಚಕ್ರದ ಕಡ್ಡಿ, ಅಚ್ಚು, ಇಂಥ ಕಡೆಯೇ ಇದು ಆಗುವುದು. ಮುಂದೆ ಮೂರು ವಿಷಯ ನೆನಪಿಡಿ. ವಾಶ್‌ಗೆ ಮೊದಲು ಕೆಳಭಾಗಕ್ಕೂ ಕ್ಲಿಯರ್ ಕೋಟ್ ಕೊಡಿ. ಬ್ರಷ್‌ನಿಂದ ಗೆರೆಗಳಿಗೆ ಮಾತ್ರ ಮುಟ್ಟಿಸಿ, ಕೆರೆ ಕಟ್ಟಬೇಡಿ. ಆಯಿಲ್ ಬಣ್ಣವನ್ನು ಮೊದಲು ರಟ್ಟಿನ ಮೇಲೆ ಹಾಕಿ ಅರ್ಧ ದಿನ ಬಿಟ್ಟರೆ ಎಣ್ಣೆ ರಟ್ಟಿಗೆ ಇಳಿಯುತ್ತದೆ, ವಾಶ್ ಬೇಗ ಒಣಗುತ್ತದೆ, ಹೊಳೆಯುವುದಿಲ್ಲ.

ಈಗ ರಿಪೇರಿ. ಮುರಿದ ಕಡ್ಡಿಯ ಎರಡೂ ತುದಿಗೆ ಪೇಪರ್ ಕ್ಲಿಪ್ ತಂತಿಯ ದಪ್ಪದ ಡ್ರಿಲ್ ಬಿಟ್‌ನಿಂದ ಕೈಯಲ್ಲೇ ತಿರುಗಿಸಿ ತೂತು ಮಾಡಿ. ಪೇಪರ್ ಕ್ಲಿಪ್ಪಿನ ತಂತಿ ತೂರಿಸಿ ಸೂಪರ್‌ಗ್ಲೂ ಹಾಕಿ. ಮೊದಲಿಗಿಂತ ಗಟ್ಟಿ ಆಗುತ್ತದೆ. ಮಾಡೆಲನ್ನು ಗಾಜಿನ ಮೇಲೆ ಇಟ್ಟೇ ಅಂಟಿಸಿ. ಐದೂ ಚಕ್ರ ನೆಲ ಮುಟ್ಟಬೇಕು.

ಬೆಳ್ಳಗಾದ ವಾರ್ನಿಶ್ ತೇವದ ಕೆಲಸ. ಬಿಸಿಲು ಬಂದ ದಿನ ಅದರ ಮೇಲೆ ತೆಳುವಾಗಿ ಹೊಳಪಿನ (ಗ್ಲಾಸಿ) ಕೋಟ್ ಹೊಡೆಯಿರಿ, ಬಿಳುಪು ಬಹುಮಟ್ಟಿಗೆ ಹೋಗುತ್ತದೆ. ಒಣಗಿದ ಮೇಲೆ ಮತ್ತೆ ಮ್ಯಾಟ್.

ಕರಾವಳಿ_ಕಿಟ್

ತೇವದ ವಿಷಯದಲ್ಲಿ ಮಂಗಳೂರಿನವರ ಮಾತು ಕೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ವಾರ್ನಿಶ್ ಮುಟ್ಟುವುದೇ ಇಲ್ಲ. ತುರ್ತಾದರೆ ಸಣ್ಣ ಕೋಣೆ ಬಾಗಿಲು ಹಾಕಿ, ಒಂದು ಗಂಟೆ ಎಸಿ ಓಡಿಸಿ, ಗಾಳಿ ಒಣಗಿದ ಮೇಲೆ ಹೊಡೆಯುತ್ತೇನೆ. ಕಂಪ್ರೆಸರ್‌ಗೆ ನೀರು ಹಿಡಿಯುವ ಬಟ್ಟಲು ಇರಲೇಬೇಕು. ಮಳೆಗಾಲದಲ್ಲಿ ದಿನಕ್ಕೆರಡು ಸಲ ನಾನು ಅದನ್ನು ಖಾಲಿ ಮಾಡುತ್ತೇನೆ.

ಕೆಸರಿಗೆ ನಮ್ಮ ಕೆಮ್ಮಣ್ಣು ಪುಡಿ ಬೇಕಾದರೆ ಕಳಿಸುತ್ತೇನೆ. ಜರಡಿ ಹಿಡಿದು ಇಟ್ಟಿದ್ದೇನೆ, ಬಣ್ಣ ತುಂಬ ಚೆಂದ. ತುಕ್ಕಿನ ಪುಡಿಯೂ ಇದೆ. ಫೆಂಡರ್ ಅಂಚಿಗೆ, ಎಂಜಿನ್ ಮೇಲಿನ ಜಾಲರಿಗೆ ತುಕ್ಕು ಹಾಕಿದರೆ ಯುದ್ಧದ ಟ್ಯಾಂಕ್ ಅನಿಸುತ್ತದೆ.

ಧಾರವಾಡ_ಗ್ಯಾರೇಜ್

ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಮೊದಲು ಮಣ್ಣು. ಟ್ಯಾಂಕ್ ಎಲ್ಲಿ ಓಡಿದ್ದು ಅಂತ ಕೇಳಿಕೊಂಡು ಮಣ್ಣು ಹಾಕಬೇಕು. 1971ರ ಡಿಸೆಂಬರ್‌ನಲ್ಲಿ ಜಮ್ಮುವಿನ ಛಾಂಬ್ ಕಡೆ ನಮ್ಮ ಡೆಕ್ಕನ್ ಹಾರ್ಸ್ ರೆಜಿಮೆಂಟ್ ಟಿ-54ಗಳೊಂದಿಗೆ, 72 ಆರ್ಮರ್ಡ್ ರೆಜಿಮೆಂಟ್ ಟಿ-55ಗಳೊಂದಿಗೆ ಹೋರಾಡಿದವು. ಎದುರಿಗೆ ಟೈಪ್ 59 ಇದ್ದ ಜಾಗ ಅದು. ಮುನಾವರ್ ತವಿ ನದಿಯ ಬಯಲು. ಮರಳು, ಉರುಟು ಕಲ್ಲು, ಬೂದು ಮಿಶ್ರಿತ ತಿಳಿ ಕಂದು ಮಣ್ಣು. ಡಿಸೆಂಬರ್ ಅಂದರೆ ಮಳೆಗಾಲದ ಕೆಸರಲ್ಲ, ಒಣ ಧೂಳು. ಅಲ್ಲಿಗೆ ಮಂಗಳೂರಿನ ಕೆಮ್ಮಣ್ಣು ಹೇಗೆ ಹೋಗುತ್ತದೆ? ಎಕ್ಸ್‌ಎಫ್-57 ಬಫ್‌ಗೆ ಚೂರು ಎಕ್ಸ್‌ಎಫ್-52 ಫ್ಲ್ಯಾಟ್ ಅರ್ತ್ ಬೆರೆಸಿ, ತುಂಬ ತೆಳು ಮಾಡಿ, ಕೆಳಗಿನಿಂದ ಮೇಲಕ್ಕೆ ಮಂಜಿನ ಹಾಗೆ ಏರ್‌ಬ್ರಷ್ ಮಾಡಿ. ಚಕ್ರದ ಮಟ್ಟದಲ್ಲಿ ಜಾಸ್ತಿ, ಟರೆಟ್ ಹತ್ತಿರ ಹೋಗುತ್ತ ಕಡಿಮೆ.

ಇನ್ನು ತುಕ್ಕು. ದಿನಾ ಓಡುವ, ದಿನಾ ಒರೆಸುವ ಟ್ಯಾಂಕಿಗೆ ತುಕ್ಕು ಎಲ್ಲಿಂದ ಬರಬೇಕು? ತುಕ್ಕು ಬಿಟ್ಟುಹೋದ ಟ್ಯಾಂಕಿನದು.

ಕರಾವಳಿ_ಕಿಟ್

ಮಣ್ಣಿನ ಮಾತು ಸರಿ, ವಾಪಸ್ ತಗೊಂಡೆ. ತುಕ್ಕಿನ ವಿಷಯ ಪೂರ್ತಿ ಒಪ್ಪಲಾರೆ ಅಣ್ಣ. ಹೊಗೆ ಕೊಳವೆ ಕಾದು ಕಾದು ಬಣ್ಣ ಸುಟ್ಟುಹೋಗಿರುತ್ತದೆ. ಅಲ್ಲಾದರೂ ತುಕ್ಕು ಇರುತ್ತದೆ. ಟ್ರ್ಯಾಕ್ ಒಂದು ರಾತ್ರಿ ಇಬ್ಬನಿಯಲ್ಲಿ ನಿಂತರೆ ಸಾಕು, ಕೆಂಪು ಹಿಡಿಯುತ್ತದೆ.

ಬಣ್ಣದ_ಡಬ್ಬಿ

ಇಬ್ಬರೂ ಊಹೆ ಮಾಡುತ್ತಿದ್ದೀರಿ. ಈ ಟ್ಯಾಂಕನ್ನು ಕೈಯಲ್ಲಿ ಮುಟ್ಟಿದವರು ಮನೆಯಲ್ಲೇ ಇದ್ದಾರಲ್ವಾ. ಮಾಡೆಲ್ ವಿಷಯ ಹೇಳದೆ ಸುಮ್ನೆ ಮಾತಿಗೆ ಎಳೆಯಿರಿ.

ಮಲ್ನಾಡ್_ಮಾಡೆಲ್

ಅಕ್ಕ ಹೇಳಿದ ಹಾಗೇ ಮಾಡಿದೆ. ಭಾನುವಾರ ಊಟ ಆದ ಮೇಲೆ ಸಣ್ಣಜ್ಜನ ಹತ್ತಿರ ಕೂತು, ಟಿ-55ರಲ್ಲಿ ನಿಮಗೆ ಜಾಸ್ತಿ ಕೆಲಸ ಕೊಡುತ್ತಿದ್ದದ್ದು ಯಾವುದು ಅಂತ ಕೇಳಿದೆ. ಎರಡು ಗಂಟೆ ಮಾತಾಡಿದರು. ಅವರು ಇಷ್ಟು ಮಾತಾಡಿದ್ದು ನಾನು ನೋಡೇ ಇರಲಿಲ್ಲ. ನೆನಪಿದ್ದಷ್ಟು ಬರೆಯುತ್ತೇನೆ.

ಎಂಜಿನ್ 580 ಕುದುರೆ ಶಕ್ತಿಯ ಡೀಸೆಲ್, 12 ಸಿಲಿಂಡರ್, ಒಡಲಿನಲ್ಲಿ ಅಡ್ಡಡ್ಡ ಮಲಗಿರುತ್ತದೆ. ಸಿಲಿಂಡರಿನಲ್ಲಿ ತುಂಬಿದ ಗಾಳಿಯ ಒತ್ತಡದಿಂದಲೂ ಅದನ್ನು ಶುರು ಮಾಡಬಹುದಂತೆ. ಜಾಸ್ತಿ ಕೆಲಸ ಗಾಳಿಯ ಫಿಲ್ಟರ್‌ನದು. ಧೂಳಿನಲ್ಲಿ ಓಡಿ ಬಂದ ದಿನ ಮೊದಲು ಅದನ್ನೇ ಬಿಚ್ಚಬೇಕು. ಗೇರ್ ಹಾಕುವುದಕ್ಕೆ ಡ್ರೈವರ್‌ಗೆ ಒಳ್ಳೆ ತೋಳು ಬೇಕಿತ್ತಂತೆ. ಗುಂಡು ತುಂಬುವವನು ಗನ್‌ನ ಬಲಗಡೆ ಕೂರುತ್ತಾನೆ, ಹಾಗಾಗಿ ಭಾರದ ಗುಂಡನ್ನು ಎಡಗೈಯಿಂದ ನೂಕಬೇಕು. ಆ ಇಕ್ಕಟ್ಟಿನಲ್ಲಿ ಅದು ಸುಲಭ ಅಲ್ಲ ಅಂದರು.

ಆಮೇಲೆ ತುಕ್ಕಿನ ಬಗ್ಗೆ ಕೇಳಿದೆ. ಮುಖವೇ ಬದಲಾಯಿತು. "ತುಕ್ಕಾ? ನಮ್ಮ ಗಾಡಿಗಾ?" ಅಂದರು. ಹೊಗೆ ಕೊಳವೆ ಹತ್ತಿರ ಅಂತ ನಾನೇ ಸೇರಿಸಿದೆ. "ಅಲ್ಲಿ ಸ್ವಲ್ಪ ಇರುತ್ತಿತ್ತು. ತುಕ್ಕಿಗಿಂತ ಮಸಿ ಜಾಸ್ತಿ. ಎಡಗಡೆ ಹಿಂದಿನ ಫೆಂಡರ್ ಪೂರ್ತಿ ಕಪ್ಪು. ನಾವು ಆ ಕಡೆಯಿಂದ ಹತ್ತುತ್ತಿರಲಿಲ್ಲ" ಅಂದರು. ಎಲ್ಲಿಂದ ಹತ್ತುತ್ತಿದ್ದಿರಿ ಅಂತ ಕೇಳಿದರೆ ಎದ್ದು ನಿಂತು, ಕುರ್ಚಿ ಹಿಡಿದು, ಎಡಗಾಲು ಎಲ್ಲಿ, ಬಲಗಾಲು ಎಲ್ಲಿ ಅಂತ ತೋರಿಸಿದರು. ಮುಂದಿನಿಂದ, ಡ್ರೈವರ್ ಬಾಗಿಲ ಪಕ್ಕ.

ಹಾಗಾಗಿ ಬಣ್ಣ ಸವೆದದ್ದನ್ನು ಅಲ್ಲಿ ಮಾತ್ರ ತೋರಿಸುತ್ತೇನೆ. ಮುಂದಿನ ಅಂಚು, ಫೆಂಡರ್‌ನ ಮುಂಭಾಗ, ಟರೆಟ್ ಬಾಗಿಲಿನ ಸುತ್ತ. ಪೆನ್ಸಿಲ್ ಸೀಸದ ಪುಡಿ ಬೆರಳಿನಿಂದ ಸವರಿದೆ, ಉಕ್ಕು ಹೊಳೆದ ಹಾಗೆ ಬಂತು. ಎಡ ಹಿಂದಿನ ಫೆಂಡರ್‌ಗೆ ಎಕ್ಸ್‌ಎಫ್-69 ನೇಟೊ ಬ್ಲ್ಯಾಕ್ ತುಂಬ ತೆಳುವಾಗಿ. ಕೊಳವೆಯ ಬಾಯಿಗೆ ಒಂದು ಚೂರು ಎಕ್ಸ್‌ಎಫ್-64 ಕೆಂಗಂದು. ತುಕ್ಕು ಅಷ್ಟೇ.

ಧಾರವಾಡ_ಗ್ಯಾರೇಜ್

ಕರಾವಳಿಯವರು ಹೇಳಿದ ಕೊಳವೆಯ ತುಕ್ಕೂ ನಿಜವಾಯಿತು. ನನ್ನ ಮಾತು ತಿದ್ದಿಕೊಳ್ಳುತ್ತೇನೆ.

ಕಾವೇರಿ_ಕಿಟ್ಸ್

ತಡವಾಗಿ ಓದಿದೆ. ಮಡಿಕೇರಿಯ ಸನ್ನಿಸೈಡ್‌ಗೆ ಒಮ್ಮೆ ಹೋಗಿ ಬನ್ನಿ. ಜನರಲ್ ತಿಮ್ಮಯ್ಯನವರು ಬೆಳೆದ ಮನೆ ಅದು, ಈಗ ಮ್ಯೂಸಿಯಂ. 2021ರ ಫೆಬ್ರವರಿಯಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಅಲ್ಲಿ ಟಿ-55 ನಿಂತಿದೆ. ಬಣ್ಣಕ್ಕೆ ಅದನ್ನು ನಂಬಬೇಡಿ, ಪ್ರದರ್ಶನದ ಟ್ಯಾಂಕುಗಳಿಗೆ ಮತ್ತೆ ಮತ್ತೆ ಬಣ್ಣ ಹೊಡೆದಿರುತ್ತಾರೆ. ಆದರೆ ಬೆಸುಗೆಯ ಗೆರೆ, ಟರೆಟ್‌ನ ಒರಟು, ಚಕ್ರದ ರಬ್ಬರಿನ ದಪ್ಪ, ಇದೆಲ್ಲ ಹತ್ತಿರದಿಂದ ನೋಡಲು ಸಿಗುತ್ತದೆ. ಮೂರೂಕಾಲು ಮೀಟರ್ ಅಗಲದ 36 ಟನ್ ಉಕ್ಕಿನ ಪಕ್ಕ ನಿಂತು ಬಂದ ಮೇಲೆ ಕೈಯಲ್ಲಿರುವ ಒಂಬತ್ತು ಸೆಂ.ಮೀ. ಅಗಲದ ಮಾಡೆಲ್ ಬೇರೆ ಥರ ಕಾಣುತ್ತದೆ.

ನಂಬರ್ ಏನು ಹಾಕುತ್ತೀರಿ?

ಮಲ್ನಾಡ್_ಮಾಡೆಲ್

ನಂಬರ್ ಹಾಕುವುದಿಲ್ಲ ಅಂತ ತೀರ್ಮಾನ ಮಾಡಿದೆ. ನನ್ನ ಫೋಟೊದಲ್ಲಿ ನಂಬರ್ ಇರುವ ಕಡೆ ಧೂಳು, ಸೊಪ್ಪು ಮುಚ್ಚಿದೆ. ಸಣ್ಣಜ್ಜನಿಗೂ ನೆನಪಿಲ್ಲ. ನಾನೇ ಒಂದು ನಂಬರ್ ಬರೆದರೆ ಅದು ಯಾರೋ ನಿಜವಾಗಿ ಕೂತು ಹೋರಾಡಿದ ಟ್ಯಾಂಕಿನದು ಆಗಿಬಿಡಬಹುದು. ಅಲ್ಲಿ ಧೂಳು ಸ್ವಲ್ಪ ಜಾಸ್ತಿ ಹಾಕಿದ್ದೇನೆ.

ಸ್ಪ್ರೂ_ಶಾನುಭೋಗ

ಸರಿಯಾದ ತೀರ್ಮಾನ. ನಾನೂ ಹಾಗೇ ಮಾಡುತ್ತಿದ್ದೆ.

ಮಲ್ನಾಡ್_ಮಾಡೆಲ್

ನಿನ್ನೆ ಕೊಟ್ಟೆ. ಪ್ಯಾಕಿಂಗ್‌ಗೆ ಹಣ್ಣಿನ ಡಬ್ಬಿಯ ತಳಕ್ಕೆ ಮರದ ಹಲಗೆ ಹಾಕಿ, ಒಡಲನ್ನು ಅದಕ್ಕೆ ಸ್ಕ್ರೂನಿಂದ ಬಿಗಿದಿದ್ದೆ. ಬ್ಯಾರಲ್ ಯಾವುದಕ್ಕೂ ತಾಗದ ಹಾಗೆ. ಘಾಟಿಯ ತಿರುವುಗಳಲ್ಲೂ ಏನೂ ಅಲುಗಾಡಲಿಲ್ಲ.

ಸಣ್ಣಜ್ಜ ಕನ್ನಡಕ ಹಾಕಿಕೊಂಡು ಮೊದಲು ಹಿಂದೆ ತಿರುಗಿಸಿ ಎಂಜಿನ್ ಮೇಲಿನ ಜಾಲರಿ ನೋಡಿದರು. ಒಂದೊಂದೇ ಮುಚ್ಚಳದ ಮೇಲೆ ಬೆರಳಿಟ್ಟು ಇದು ರೇಡಿಯೇಟರ್, ಇದು ಫ್ಯಾನ್ ಅಂತ ಮೊಮ್ಮಗಳಿಗೆ ಹೇಳಿದರು. ಆಮೇಲೆ ಬ್ಯಾರಲ್ ಕಡೆ ಬಂದರು. ನಡುವಿನ ಉಬ್ಬಿನ ಮೇಲೆ ಹೆಬ್ಬೆರಳು ಇಟ್ಟು ಸುಮಾರು ಹೊತ್ತು ಸುಮ್ಮನಿದ್ದರು. "ಇದು ನಿನಗೆ ಯಾರು ಹೇಳಿದರು?" ಅಂತ ಕೇಳಿದರು. ನಿಮ್ಮೆಲ್ಲರ ವಿಷಯ ಹೇಳಿದೆ.

ಕೊನೆಗೆ ಒಂದು ತಪ್ಪು ಹಿಡಿದರು. ಟರೆಟ್ ಹಿಂದೆ ಬೋಳಾಗಿದೆಯಂತೆ. "ನಾಲ್ಕು ಜನ ಡಿಸೆಂಬರ್ ಚಳಿಯಲ್ಲಿ ಎಲ್ಲಿ ಮಲಗಬೇಕು? ಹಾಸಿಗೆ ಸುರುಳಿ ಎಲ್ಲಿ? ಟಾರ್ಪಾಲು ಎಲ್ಲಿ?" ಅಂದರು. ಮುಂದಿನ ಭಾನುವಾರ ತಂದು ಹಾಕುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಅದನ್ನು ಯಾವುದರಲ್ಲಿ ಮಾಡುವುದು ಹೇಳಿ.

ಬಣ್ಣದ_ಡಬ್ಬಿ

ಟಿಶ್ಯೂ ಪೇಪರ್. ಎರಡು ಪದರ ಇದ್ದರೆ ಒಂದನ್ನು ತೆಗೆದುಬಿಡಿ. ಫೆವಿಕಾಲ್‌ಗೆ ಅಷ್ಟೇ ನೀರು ಬೆರೆಸಿ ಅದ್ದಿ, ಸುರುಳಿ ಸುತ್ತಿ, ಒದ್ದೆ ಇರುವಾಗಲೇ ಹೊಲಿಗೆ ದಾರದಿಂದ ಎರಡು ಕಡೆ ಬಿಗಿಯಾಗಿ ಕಟ್ಟಿ. ಕಟ್ಟಿದ ಕಡೆ ನಡು ಸಣ್ಣಗಾಗಿ ಸುಕ್ಕು ಬರಬೇಕು. ಟರೆಟ್ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೇ ಒಣಗಲು ಬಿಡಿ. ಆಗ ಟರೆಟ್‌ನ ಬಾಗಿಗೆ ಸರಿಯಾಗಿ ಕೂರುತ್ತದೆ, ಆಮೇಲೆ ಎತ್ತಿ ಬಣ್ಣ ಹಚ್ಚಬಹುದು. ನಾಲ್ಕು ಸುರುಳಿ ಮಾಡಿ. ನಾಲ್ಕಕ್ಕೂ ಒಂದೇ ಬಣ್ಣ ಬೇಡ.